ಕ್ರಿಯೇಟಿನಿನ್ ನಾರ್ಮಲ್ ಅಂತ ಬಂದಿದೆಯಾ? ಇನ್ನೊಂದು ಸಲ ನೋಡಿ: ಕಿಡ್ನಿ ರಿಪೋರ್ಟ್ ಓದೋದು ಹೇಗೆ

ಅಮ್ಮನಿಗೆ 64 ವರ್ಷ. ಶುಗರ್ ಬಂದು ಹನ್ನೆರಡು ವರ್ಷ ಆಯ್ತು, ಬಿಪಿ ಮಾತ್ರೆಯೂ ಇದೆ. ಹೋದ ವರ್ಷ ಮಂಡಿ ನೋವು ಅಂತ ತೋರಿಸೋಕೆ ಹೋದಾಗ ಒಂದಷ್ಟು ರಕ್ತ ಪರೀಕ್ಷೆ ಮಾಡಿಸಿದರು. ಕ್ರಿಯೇಟಿನಿನ್ 1.1. ಪಕ್ಕದಲ್ಲಿ ಲ್ಯಾಬಿನವರು ಕೊಟ್ಟ ರೇಂಜ್ 0.6ರಿಂದ 1.2. ದಪ್ಪ ಅಕ್ಷರ ಇಲ್ಲ, ಸ್ಟಾರ್ ಗುರುತು ಇಲ್ಲ. "ಎಲ್ಲ ನಾರ್ಮಲ್ ಬಂದಿದೆ ಕಣೋ" ಅಂತ ಅಮ್ಮ ರಿಪೋರ್ಟನ್ನ ಮಡಚಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು. ನಮ್ಮನೆಯಲ್ಲಿ ಎಲ್ಲ ರಿಪೋರ್ಟ್ ಹೋಗಿ ಸೇರುವ ಜಾಗ ಅದು.

ಅದೇ ತಿಂಗಳು ತಮ್ಮ ಹೊಸ ಕೆಲಸಕ್ಕೆ ಸೇರಿದ. ಕಂಪನಿಯವರು ಮೆಡಿಕಲ್ ಚೆಕಪ್ ಮಾಡಿಸಿದರು. ಅವನಿಗೆ 32. ಅವನದೂ ಕ್ರಿಯೇಟಿನಿನ್ 1.1.

ಒಂದೇ ನಂಬರ್, ಇಬ್ಬರೂ ನಾರ್ಮಲ್. ಸುಮ್ನೆ ಕುತೂಹಲಕ್ಕೆ ಎರಡನ್ನೂ ಒಂದು ಕ್ಯಾಲ್ಕುಲೇಟರ್‌ಗೆ ಹಾಕಿ ನೋಡಿದೆ. ತಮ್ಮನ ಕಿಡ್ನಿ 91 ಅಂತ ಬಂತು. ಅಮ್ಮನದು 56.

ನಾನು ಡಾಕ್ಟರ್ ಅಲ್ಲ. ಆ 56 ನೋಡಿ ನಿದ್ದೆ ಕೆಟ್ಟು, ಸಿಕ್ಕಿದ ಸಂಶೋಧನೆಗಳನ್ನೆಲ್ಲ ಓದಿ, ಅಮ್ಮನ ಡಾಕ್ಟರ ತಲೆಯನ್ನೂ ಸಾಕಷ್ಟು ತಿಂದು ಕಲಿತದ್ದನ್ನ ಇಲ್ಲಿ ಬರೆಯುತ್ತಿದ್ದೇನೆ. ಮಾತ್ರೆ ಶುರು ಮಾಡೋದು, ನಿಲ್ಲಿಸೋದು ಎಲ್ಲ ನಿಮ್ಮ ಡಾಕ್ಟರನ್ನ ಕೇಳಿಯೇ ಮಾಡಿ. ರಿಪೋರ್ಟ್ ಓದೋದು ಮಾತ್ರ ನಮ್ಮ ಕೈಯಲ್ಲೂ ಆಗುತ್ತದೆ.

ಮೊದಲು ಆ ನಂಬರನ್ನ ಇಜಿಎಫ್‌ಆರ್ ಮಾಡಿಕೊಳ್ಳಿ

ಕ್ರಿಯೇಟಿನಿನ್ ಅಂದರೆ ಮಾಂಸಖಂಡಗಳು ದಿನಾ ಉತ್ಪಾದಿಸುವ ಒಂದು ಥರದ ಕಸ. ಕಿಡ್ನಿ ಅದನ್ನ ಸೋಸಿ ಯೂರಿನ್‌ಗೆ ಹಾಕುತ್ತದೆ. ಮನೆ ಮುಂದಿನ ಕಸದ ಬುಟ್ಟಿ ನೋಡಿ ಕಸದ ಗಾಡಿ ಸರಿಯಾಗಿ ಬರ್ತಿದೆಯಾ ಅಂತ ಹೇಳಬಹುದು, ಅಲ್ವಾ? ಆದರೆ ಆ ಮನೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ಗೊತ್ತಿರಬೇಕು. ಹತ್ತು ಜನರ ಮನೆಯಲ್ಲಿ ಬುಟ್ಟಿ ಅರ್ಧ ತುಂಬಿದ್ದರೆ ಗಾಡಿ ಚೆನ್ನಾಗಿ ಬರುತ್ತಿದೆ ಅಂತ ಅರ್ಥ. ಒಬ್ಬರೇ ಅಜ್ಜಿ ಇರುವ ಮನೆಯ ಬುಟ್ಟಿ ಅರ್ಧ ತುಂಬಿದ್ದರೆ ಗಾಡಿ ಬಂದು ಎಷ್ಟೋ ದಿನ ಆಗಿದೆ. ಜಿಮ್‌ಗೆ ಹೋಗುವ ನನ್ನ ತಮ್ಮನ ಮೈಯಲ್ಲಿ ಮಾಂಸಖಂಡ ಜಾಸ್ತಿ, ಕಸವೂ ಜಾಸ್ತಿ. ಅಮ್ಮನ ಸಣ್ಣ ಮೈಯಲ್ಲಿ ಕಸ ಹುಟ್ಟೋದೇ ಕಡಿಮೆ. ಅಂಥದ್ದರಲ್ಲೂ 1.1 ಇದೆ ಅಂದರೆ ಗಾಡಿ ತಡ ಮಾಡುತ್ತಿದೆ.

ಅದಕ್ಕೇ ವಯಸ್ಸು, ಗಂಡೋ ಹೆಣ್ಣೋ, ಕ್ರಿಯೇಟಿನಿನ್ ಎಷ್ಟು, ಈ ಮೂರನ್ನೂ ಸೇರಿಸಿ ಒಂದು ಅಂದಾಜು ಲೆಕ್ಕ ಹಾಕುತ್ತಾರೆ. ಅದೇ ಇಜಿಎಫ್‌ಆರ್ (eGFR). ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಅಂತ ಅದರ ಅರ್ಥ. ಮೊದಮೊದಲು ಎಂಡಿಆರ್‌ಡಿ ಅನ್ನುವ 1999ರ ಸೂತ್ರ ಬಳಸುತ್ತಿದ್ದರು. 2009ರಲ್ಲಿ ಸಿಕೆಡಿ-ಎಪಿ ಬಂತು. ಅಮೆರಿಕದಲ್ಲಿ ಅದಕ್ಕೆ ರೋಗಿ ಕಪ್ಪು ಜನಾಂಗದವರಾ ಅನ್ನೋದನ್ನೂ ಸೇರಿಸುತ್ತಿದ್ದರು. ಅದು ತಪ್ಪು ಅಂತ ಬಹಳ ವಾದ ನಡೆದು 2021ರಲ್ಲಿ ಜನಾಂಗವನ್ನ ಕೈಬಿಟ್ಟ ಹೊಸ ಸೂತ್ರ ಬಂತು. ನೀವು ಮೊಬೈಲಿನಲ್ಲಿ ಲೆಕ್ಕ ಹಾಕುವಾಗ "ಸಿಕೆಡಿ-ಎಪಿ 2021" (CKD-EPI 2021) ಅಂತಲೇ ಹುಡುಕಿ. ಕೆಲವು ಲ್ಯಾಬ್‌ಗಳು ಇಜಿಎಫ್‌ಆರ್ ಅನ್ನ ರಿಪೋರ್ಟಿನಲ್ಲೇ ಹಾಕುತ್ತವೆ. ಹಾಗಿದ್ದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಯಾವ ಸೂತ್ರ ಅಂತ ಬರೆದಿರುತ್ತಾರೆ, ನೋಡಿ. ಹಳೆ ರಿಪೋರ್ಟ್ ಒಂದು ಸೂತ್ರದ್ದು, ಹೊಸದು ಇನ್ನೊಂದು ಸೂತ್ರದ್ದು ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸೋಕೆ ಬರಲ್ಲ.

ಬ್ರಿಟನ್ನಿನಲ್ಲೋ ಆಸ್ಟ್ರೇಲಿಯಾದಲ್ಲೋ ಇರುವವರಿಗೆ ಒಂದು ಮಾತು: ಅಲ್ಲಿ ಕ್ರಿಯೇಟಿನಿನ್ 97 ಅಂತೆಲ್ಲ ಬರುತ್ತದೆ. ಗಾಬರಿ ಬೇಡ, ಅಳತೆ ಬೇರೆ. 88.4ರಿಂದ ಭಾಗಿಸಿದರೆ ನಮ್ಮ ಊರಿನ ನಂಬರ್ ಸಿಗುತ್ತದೆ. 97 ಅಂದರೆ ಅದೇ 1.1.

ಇಜಿಎಫ್‌ಆರ್ 90ರ ಮೇಲಿದ್ದರೆ ಮೊದಲ ಹಂತ, 60ರಿಂದ 89 ಎರಡನೇದು. 45ರಿಂದ 59 ಮೂರು-ಎ, 30ರಿಂದ 44 ಮೂರು-ಬಿ, 15ರಿಂದ 29 ನಾಲ್ಕು, 15ಕ್ಕಿಂತ ಕೆಳಗೆ ಐದು. ಮೊದಲ ಎರಡು ಹಂತದಲ್ಲಿ ಬೇರೆ ಯಾವ ತೊಂದರೆಯ ಗುರುತೂ ಇಲ್ಲ ಅಂದರೆ ಅದನ್ನ ಕಿಡ್ನಿ ಕಾಯಿಲೆ ಅಂತ ಕರೆಯೋದೇ ಇಲ್ಲ. ಇನ್ನೊಂದು ವಿಷಯ, ಇದನ್ನ ತುಂಬಾ ಜನ ಮರೆಯುತ್ತಾರೆ: ಒಂದೇ ಸಲದ ಟೆಸ್ಟ್ ನೋಡಿ ಕಾಯಿಲೆ ಅಂತ ಹೇಳುವ ಹಾಗಿಲ್ಲ. ಮೂರು ತಿಂಗಳಿಗಿಂತ ಜಾಸ್ತಿ ಹಾಗೇ ಇರಬೇಕು. ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾದಾಗ ಟೆಸ್ಟ್ ಮಾಡಿಸಿದರೆ ಕ್ರಿಯೇಟಿನಿನ್ ಏರಿರುತ್ತದೆ. ಹಿಂದಿನ ರಾತ್ರಿ ಬಾಡೂಟ ಹೊಡೆದು ಬೆಳಗ್ಗೆ ಹೋದರೂ ಏರಿರುತ್ತದೆ. ಜಿಮ್ ಹುಡುಗರು ಕ್ರಿಯೇಟಿನ್ ಪುಡಿ ತಗೊಳ್ಳುತ್ತಿದ್ದರೆ ಅದನ್ನ ಡಾಕ್ಟರಿಗೆ ಹೇಳಿ.

ಉಲ್ಟಾ ಮೋಸವೂ ಇದೆ. ವಯಸ್ಸಾಗಿ ಸೊರಗಿದವರು, ಮಾಂಸ ತಿನ್ನದವರು, ತುಂಬಾ ದಿನ ಹಾಸಿಗೆ ಹಿಡಿದವರು, ಇವರಲ್ಲಿ ಕ್ರಿಯೇಟಿನಿನ್ ಹುಟ್ಟೋದೇ ಕಡಿಮೆ. ಹಾಗಾಗಿ ಇಜಿಎಫ್‌ಆರ್ ಇರೋದಕ್ಕಿಂತ ಚೆನ್ನಾಗಿ ಕಾಣುತ್ತದೆ. ನಮ್ಮ ಕಡೆಯ ಎಷ್ಟೋ ಅಜ್ಜಿಯರು ಈ ಲೆಕ್ಕಕ್ಕೇ ಬರುತ್ತಾರೆ. ಅನುಮಾನ ಇದ್ದರೆ ಸಿಸ್ಟಾಟಿನ್ ಸಿ ಅಂತ ಇನ್ನೊಂದು ಟೆಸ್ಟ್ ಇದೆ. ಅದು ಮಾಂಸಖಂಡವನ್ನ ಅಷ್ಟಾಗಿ ನೆಚ್ಚಿಕೊಂಡಿಲ್ಲ. ರೇಟು ಸ್ವಲ್ಪ ಜಾಸ್ತಿ, ಎಲ್ಲ ಲ್ಯಾಬಿನಲ್ಲೂ ಸಿಗಲ್ಲ.

ರಕ್ತ ಅರ್ಧ ಕಥೆ, ಯೂರಿನ್ ಇನ್ನರ್ಧ

1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಅನ್ನುವ ಡಾಕ್ಟರ್ ಒಂದು ಕೆಲಸ ಮಾಡುತ್ತಿದ್ದರು. ಮೈ ಊದಿಕೊಂಡ ರೋಗಿಗಳ ಯೂರಿನ್ ಅನ್ನ ಒಂದು ಚಮಚದಲ್ಲಿ ಹಾಕಿ ಮೇಣದಬತ್ತಿಯ ಮೇಲೆ ಹಿಡಿಯೋದು. ಬಿಸಿಯಾದಾಗ ಅದು ಮೊಟ್ಟೆಯ ಬಿಳಿ ಬೆಂದ ಹಾಗೆ ಬೆಳ್ಳಗೆ ಗಟ್ಟಿಯಾದರೆ ಅದರಲ್ಲಿ ಅಲ್ಬುಮಿನ್ ಇದೆ ಅಂತ ಅರ್ಥ, ಅಂದರೆ ರಕ್ತದ ಪ್ರೊಟೀನ್ ಕಿಡ್ನಿಯಿಂದ ಸೋರುತ್ತಿದೆ. ಅಂಥವರು ತೀರಿಹೋದ ಮೇಲೆ ಕೊಯ್ದು ನೋಡಿದರೆ ಕಿಡ್ನಿ ಹಾಳಾಗಿರುತ್ತಿತ್ತು. ಚಮಚ, ಮೇಣದಬತ್ತಿ, ಅಷ್ಟೇ ಲ್ಯಾಬ್. ಕಿಡ್ನಿ ಕಾಯಿಲೆಗೆ ಬಹಳ ಕಾಲ ಬ್ರೈಟ್ ಕಾಯಿಲೆ ಅಂತಲೇ ಹೆಸರಿತ್ತು.

ಇವತ್ತು ಅದೇ ಕೆಲಸವನ್ನ ತುಂಬಾ ಸೂಕ್ಷ್ಮವಾಗಿ ಮಾಡುವ ಟೆಸ್ಟ್ ಹೆಸರು ಯೂರಿನ್ ಎಸಿಆರ್, ಅಲ್ಬುಮಿನ್ ಮತ್ತು ಕ್ರಿಯೇಟಿನಿನ್ ಅನುಪಾತ. ಶುಗರ್ ಇರುವವರ ಮನೆಯವರು ಬೇರೆ ಏನು ಮರೆತರೂ ಇದನ್ನ ವರ್ಷಕ್ಕೊಮ್ಮೆ ಕೇಳಿ ಮಾಡಿಸಿ. ಕೇಳದಿದ್ದರೆ ಎಷ್ಟೋ ಕಡೆ ಮಾಡಿಸೋದೇ ಇಲ್ಲ. ಅಮ್ಮನಿಗೆ ಹನ್ನೆರಡು ವರ್ಷದಲ್ಲಿ ಒಂದೇ ಒಂದು ಸಲವೂ ಮಾಡಿಸಿರಲಿಲ್ಲ. ಮಾಮೂಲಿ ಯೂರಿನ್ ಟೆಸ್ಟಿನಲ್ಲಿ "ಪ್ರೊಟೀನ್: ಇಲ್ಲ" ಅಂತ ಬಂದಿದ್ದನ್ನೇ ನಂಬಿಕೊಂಡಿದ್ದೆವು. ಯೂರಿನ್‌ಗೆ ಕಡ್ಡಿ ಅದ್ದಿ ನೋಡುವ ಆ ಟೆಸ್ಟಿಗೆ ಸಣ್ಣ ಸೋರಿಕೆ ಕಾಣಿಸಲ್ಲ.

ಒಂದು ಗ್ರಾಂ ಕ್ರಿಯೇಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ. 30ರಿಂದ 300 ಇದ್ದರೆ ಸೋರಿಕೆ ಶುರುವಾಗಿದೆ. 300ರ ಮೇಲೆ ಹೋದರೆ ಜೋರಾಗಿದೆ. ಬೆಳಗ್ಗೆ ಎದ್ದ ಕೂಡಲೇ ಬರುವ ಮೊದಲ ಯೂರಿನ್ ಕೊಡೋದು ಒಳ್ಳೇದು. ಜ್ವರ ಇದ್ದಾಗ, ಉರಿ ಮೂತ್ರ ಇದ್ದಾಗ, ಮುಟ್ಟಿನ ದಿನಗಳಲ್ಲಿ, ಓಡಿ ಬೆವರು ಸುರಿಸಿದ ಮೇಲೆ ಕೊಡಬೇಡಿ, ಸುಳ್ಳು ಸುಳ್ಳೇ ಜಾಸ್ತಿ ಬರುತ್ತದೆ. ಒಂದು ಸಲ ಜಾಸ್ತಿ ಬಂದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಮೂರರಲ್ಲಿ ಎರಡು ಸಲ ಜಾಸ್ತಿ ಇದ್ದರೆ ಆಗ ಲೆಕ್ಕಕ್ಕೆ ತಗೊಳ್ಳುತ್ತಾರೆ.

ಅಮ್ಮನದು 140 ಬಂತು. ಮತ್ತೆ ಮಾಡಿಸಿದೆವು, 132.

ಕಿಡ್ನಿಯ ನಂಬರ್, ಹೃದಯದ ಸುದ್ದಿ

ಕಿಡ್ನಿ ಅಂದ ತಕ್ಷಣ ಎಲ್ಲರ ತಲೆಗೆ ಬರೋದು ಡಯಾಲಿಸಿಸ್. ಅಮ್ಮನ ಮೊದಲ ಪ್ರಶ್ನೆಯೂ ಅದೇ, "ನನಗೂ ಆ ಮೆಷಿನ್ ಹಾಕ್ತಾರೇನೋ?" ಆದರೆ ಸಂಶೋಧನೆ ಹೇಳೋದು ಬೇರೆ. ಮೂರನೇ ಹಂತದಲ್ಲಿ ಇರುವವರಲ್ಲಿ ಡಯಾಲಿಸಿಸ್‌ವರೆಗೆ ಹೋಗುವವರು ಕಡಿಮೆ, ಅದಕ್ಕೂ ಮೊದಲೇ ಹೃದಯದ ತೊಂದರೆಯಿಂದ ಹೋಗುವವರೇ ಜಾಸ್ತಿ.

2004ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಕೈಸರ್ ಪರ್ಮನೆಂಟೆ ಅನ್ನುವ ಆರೋಗ್ಯ ವ್ಯವಸ್ಥೆಯಲ್ಲಿದ್ದ 11 ಲಕ್ಷ 20 ಸಾವಿರ ಜನರ ದಾಖಲೆ ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ಬಂತು. ಇಜಿಎಫ್‌ಆರ್ 60ರ ಮೇಲಿದ್ದವರಿಗೆ ಹೋಲಿಸಿದರೆ, 45ರಿಂದ 59 ಇದ್ದವರಿಗೆ ಹೃದಯಾಘಾತ, ಲಕ್ವದಂಥ ಘಟನೆಗಳ ಅಪಾಯ 1.4 ಪಟ್ಟು. 30ರಿಂದ 44 ಇದ್ದವರಿಗೆ ಎರಡು ಪಟ್ಟು. 15ಕ್ಕಿಂತ ಕಡಿಮೆ ಇದ್ದವರಿಗೆ 3.4 ಪಟ್ಟು. ವಯಸ್ಸು, ಶುಗರ್, ಬಿಪಿ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋಗುತ್ತದೆ ಅನ್ನೋದೇ ಇಲ್ಲಿ ಮುಖ್ಯ. ಬ್ರೈಟ್ ಕೂಡ 1836ರಲ್ಲೇ ಬರೆದಿದ್ದರು, ಕಿಡ್ನಿ ಸುಕ್ಕಿದವರ ಹೃದಯ ದಪ್ಪವಾಗಿರುತ್ತದೆ ಅಂತ. ಆಗಿನ್ನೂ ಬಿಪಿ ನೋಡುವ ಪಟ್ಟಿಯೇ ಇರಲಿಲ್ಲ.

ಯಾಕೆ ಹೀಗೆ? ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ, ಒಂದೊಂದೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ. ಅಲ್ಲಿ ಸೋರಿಕೆ ಆಗುತ್ತಿದೆ ಅಂದರೆ ಮೈಯ ಬೇರೆ ಸಣ್ಣ ನಾಳಗಳೂ ಹಾಳಾಗುತ್ತಿರಬಹುದು. ಅದಕ್ಕೇ ಶುಗರ್ ಇರುವವರಿಗೆ ಎಸಿಆರ್ ಜಾಸ್ತಿ ಬಂದರೆ ಕಣ್ಣಿನ ಪರದೆಯನ್ನೂ ತೋರಿಸಿ ಅನ್ನುತ್ತಾರೆ. ಇದರ ಜೊತೆಗೆ ಕಿಡ್ನಿ ಉಪ್ಪನ್ನ ಹೊರಗೆ ಹಾಕದೆ ಇಟ್ಟುಕೊಂಡರೆ ಬಿಪಿ ಏರುತ್ತದೆ, ಏರಿದ ಬಿಪಿ ಮತ್ತೆ ಕಿಡ್ನಿಯನ್ನೇ ಹೊಡೆಯುತ್ತದೆ. ರಕ್ತ ಮಾಡಿಸುವ ಎರಿತ್ರೋಪೊಯೆಟಿನ್ ಹಾರ್ಮೋನ್ ಬಹುಪಾಲು ಹುಟ್ಟೋದೂ ಕಿಡ್ನಿಯಲ್ಲೇ, ಅದು ಕಡಿಮೆಯಾದರೆ ರಕ್ತಹೀನತೆ. ಐರನ್ ಮಾತ್ರೆ ನುಂಗಿ ನುಂಗಿ ಸಾಕಾಗಿ ಹಿಮೋಗ್ಲೋಬಿನ್ ಏರದವರು ಒಂದು ಸಲ ಇಜಿಎಫ್‌ಆರ್ ನೋಡಿಸಿಕೊಳ್ಳಿ. ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪಕ್ಕೆ ಬರೋದೂ ಅಲ್ಲೇ, ಹಾಗಾಗಿ ಮೂಳೆಗೂ ಪೆಟ್ಟು.

"ಶೇಕಡಾ 39 ಕಡಿಮೆ" ಅಂತ ಸುದ್ದಿ ಬಂದರೆ

ವಾಟ್ಸಾಪಿನಲ್ಲಿ ಕಿಡ್ನಿ ಸಂಶೋಧನೆಗಳಿಗೇನೂ ಬರ ಇಲ್ಲ. ಅದನ್ನ ಓದುವ ರೀತಿ ಒಂದು ನಿಜವಾದ ಉದಾಹರಣೆಯಲ್ಲೇ ಹೇಳುತ್ತೇನೆ.

ಸೇಬಿನ ಮರದ ಬೇರಿನ ತೊಗಟೆಯಿಂದ 1835ರಲ್ಲಿ ಫ್ಲೋರಿಜಿನ್ ಅನ್ನುವ ಒಂದು ವಸ್ತು ತೆಗೆದರು. ಅದನ್ನ ಕೊಟ್ಟರೆ ಯೂರಿನ್‌ನಲ್ಲಿ ಸಕ್ಕರೆ ಹೋಗುತ್ತದೆ ಅಂತ ಆಮೇಲೆ ಗೊತ್ತಾಯ್ತು. ಆ ದಾರಿ ಹಿಡಿದು ಬಂದದ್ದೇ ಇವತ್ತಿನ "ಗ್ಲಿಫ್ಲೋಜಿನ್" ಅಂತ ಕೊನೆಯಾಗುವ ಶುಗರ್ ಮಾತ್ರೆಗಳು. 2019ರಲ್ಲಿ ಕನಾಗ್ಲಿಫ್ಲೋಜಿನ್, 2020ರಲ್ಲಿ ಡಪಾಗ್ಲಿಫ್ಲೋಜಿನ್, ಎರಡೂ ಕಿಡ್ನಿಯನ್ನ ಕಾಪಾಡುತ್ತವೆ ಅಂತ ದೊಡ್ಡ ಪ್ರಯೋಗಗಳಲ್ಲಿ ಕಂಡಿತು. ಎರಡನೇದರ ಹೆಸರು ಡಪಾ-ಸಿಕೆಡಿ, 4,304 ಜನ, ಅವರಲ್ಲಿ ಮೂರನೇ ಒಂದು ಭಾಗಕ್ಕೆ ಶುಗರ್ ಇರಲೇ ಇಲ್ಲ. ಶುಗರ್ ಇಲ್ಲದವರಿಗೂ ಕೆಲಸ ಮಾಡಿತು. ಸುದ್ದಿಯಲ್ಲಿ ಬಂದದ್ದು "ಅಪಾಯ ಶೇಕಡಾ 39 ಕಡಿಮೆ".

ನೂರರಲ್ಲಿ 39 ಜನ ಉಳಿದರು ಅಂತ ನಾನೂ ಓದಿಕೊಂಡಿದ್ದೆ. ಹಾಗಲ್ಲ. ಸುಮಾರು ಎರಡೂವರೆ ವರ್ಷದಲ್ಲಿ, ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಗೊಂಡ ನೂರು ಜನರಲ್ಲಿ 14.5 ಜನರಿಗೆ ಕೆಟ್ಟದ್ದಾಯಿತು: ಇಜಿಎಫ್‌ಆರ್ ಅರ್ಧಕ್ಕರ್ಧ ಕುಸಿಯಿತು, ಅಥವಾ ಕಿಡ್ನಿ ನಿಂತಿತು, ಅಥವಾ ಕಿಡ್ನಿ ಇಲ್ಲವೇ ಹೃದಯದಿಂದ ಜೀವ ಹೋಯಿತು. ನಿಜ ಮಾತ್ರೆ ತಗೊಂಡವರಲ್ಲಿ 9.2. ಅಂದರೆ ನೂರಕ್ಕೆ ಐದು ಜನರಷ್ಟು ಉಳಿತಾಯ. ಇದು ಸಣ್ಣದೇನಲ್ಲ, ಕಿಡ್ನಿಗೆ ಇಷ್ಟು ಒಳ್ಳೆ ಮಾತ್ರೆ ಬಂದು ಇಪ್ಪತ್ತು ವರ್ಷ ಆಗಿತ್ತು. ಆದರೆ 39ಕ್ಕೂ 5ಕ್ಕೂ ವ್ಯತ್ಯಾಸ ಇದೆ. ಯಾವ ಸುದ್ದಿ ಓದಿದರೂ "ನೂರಕ್ಕೆ ಎಷ್ಟು ಜನರಿಂದ ಎಷ್ಟು ಜನರಿಗೆ ಇಳಿಯಿತು, ಎಷ್ಟು ವರ್ಷದಲ್ಲಿ" ಅಂತ ಹುಡುಕಿ. ಭಾರತದಲ್ಲಿ ಈ ಮಾತ್ರೆಯ ಪೇಟೆಂಟ್ 2020ರ ಅಕ್ಟೋಬರಿನಲ್ಲಿ ಮುಗಿಯಿತು, ಆಮೇಲೆ ಹತ್ತಾರು ಕಂಪನಿಗಳು ಮಾಡಿ ಬೆಲೆ ಇಳಿಯಿತು. ಎಲ್ಲರಿಗೂ ಆಗಲ್ಲ, ಟೈಪ್ 1 ಶುಗರ್ ಇರುವವರು, ಉಪವಾಸ ಮಾಡುವವರು ಹುಷಾರಾಗಿರಬೇಕು. ವಾಂತಿ ಭೇದಿ ಆದರೆ ತಾತ್ಕಾಲಿಕವಾಗಿ ನಿಲ್ಲಿಸಬೇಕಾ ಅಂತ ಡಾಕ್ಟರನ್ನ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು "ನಂಟಿದೆ" ಅನ್ನುವ ಸುದ್ದಿಗಳು. ಕಾಫಿ ಕುಡಿಯುವವರ ಕಿಡ್ನಿ ಚೆನ್ನಾಗಿದೆ ಅಂತ ಒಂದು ಅಧ್ಯಯನ ಹೇಳಿದರೆ, ಹುಷಾರಿಲ್ಲದವರು ಕಾಫಿ ಬಿಟ್ಟಿರಬಹುದಲ್ವಾ ಅಂತ ಯೋಚಿಸಿ. ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪ್ರಯೋಗ ಮಾಡಿದ್ದರೆ ಅದಕ್ಕೆ ಬೆಲೆ ಜಾಸ್ತಿ. ನೀರಿನ ವಿಷಯದಲ್ಲಿ ಹಾಗೇ ಮಾಡಿದರು. ಕೆನಡಾದ ಒಂಟಾರಿಯೋದಲ್ಲಿ ಮೂರನೇ ಹಂತದ 631 ಜನರಲ್ಲಿ ಅರ್ಧ ಜನಕ್ಕೆ ನೀರು ಜಾಸ್ತಿ ಕುಡಿಯಲು ಹೇಳಿಕೊಟ್ಟು ಒಂದು ವರ್ಷ ನೋಡಿದರು. 2018ರಲ್ಲಿ ಫಲಿತಾಂಶ ಬಂತು: ಕಿಡ್ನಿ ಇಳಿಯುವ ವೇಗದಲ್ಲಿ ಏನೂ ವ್ಯತ್ಯಾಸ ಇಲ್ಲ. ಕಿಡ್ನಿ ಸ್ಟೋನ್ ಇರುವವರ ಕಥೆ ಬೇರೆ, ಅವರಿಗೆ ನೀರು ಬೇಕು. ಉಳಿದವರು ದಿನಕ್ಕೆ ಐದು ಲೀಟರ್ ಕುಡಿದು ಕಿಡ್ನಿ ತೊಳೆಯೋಕೆ ಹೋಗಬೇಡಿ.

ಡಾಕ್ಟರ ಹತ್ತಿರ ಹೋಗುವಾಗ

ಮನೆಯಲ್ಲಿ ಇರುವ ಮಾತ್ರೆ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಎಲ್ಲ ಅಂದರೆ ಎಲ್ಲ. ಅಮ್ಮನ ಚೀಲದಲ್ಲಿ ಸಿಕ್ಕಿದ್ದು ಮೆಡಿಕಲ್ ಶಾಪಿನವನು ಬರೀ ಸ್ಟ್ರಿಪ್ ಕತ್ತರಿಸಿ ಕೊಟ್ಟ ಡೈಕ್ಲೋಫೆನಾಕ್, ಮಂಡಿ ನೋವಿಗೆ. ಎರಡು ವರ್ಷದಿಂದ, ವಾರಕ್ಕೆ ಮೂರು ನಾಲ್ಕು. ಬಿಪಿ ಮಾತ್ರೆಯಲ್ಲಿ ಟೆಲ್ಮಿಸಾರ್ಟಾನ್ ಜೊತೆಗೆ ನೀರು ಹೋಗುವ ಮಾತ್ರೆಯೂ ಸೇರಿತ್ತು. ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ. "ನೋವಿನ ಮಾತ್ರೆ ತಾನೆ, ಅದನ್ನೂ ಹೇಳಬೇಕಾ" ಅಂದಳು ಅಮ್ಮ. ಡಾಕ್ಟರು ಮೊದಲು ನಿಲ್ಲಿಸಿದ್ದೇ ಅದನ್ನ. ಈಗ ನೋವಿಗೆ ಪ್ಯಾರಾಸಿಟಮಾಲ್, ಹಚ್ಚಿಕೊಳ್ಳುವ ಜೆಲ್, ಮತ್ತೆ ಬೆಳಗಿನ ವ್ಯಾಯಾಮ. ಗೊಣಗಾಟ ನಿಂತಿಲ್ಲ.

ಮನೆಮದ್ದನ್ನೂ ಹೇಳಿ. ಕರಾವಳಿಯಲ್ಲಿ ಬಿಂಬುಳಿ ಗೊತ್ತಲ್ಲ, ಚಟ್ನಿಗೆ ಹಾಕಿದರೆ ಏನೂ ಆಗಲ್ಲ. ಕೇರಳದಲ್ಲಿ ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ಅದರ ರಸವನ್ನ ಲೋಟದಲ್ಲಿ ಕುಡಿದವರಿಗೆ ಆಕ್ಸಲೇಟ್ ಕಟ್ಟಿಕೊಂಡು ಕಿಡ್ನಿ ಕೆಟ್ಟದ್ದನ್ನ ಅಲ್ಲಿನ ಡಾಕ್ಟರುಗಳು ದಾಖಲಿಸಿದ್ದಾರೆ. ಅದರ ಅಕ್ಕ ಧಾರೆಹುಳಿ (ಸ್ಟಾರ್ ಫ್ರೂಟ್), ಕಿಡ್ನಿ ದುರ್ಬಲ ಇರುವವರಿಗೆ ಅದರ ವಿಷ ಮೆದುಳಿಗೂ ಏರುತ್ತದೆ.

"ಪ್ರಿಲ್", "ಸಾರ್ಟಾನ್" ಅಂತ ಕೊನೆಯಾಗುವ ಬಿಪಿ ಮಾತ್ರೆ ಹೊಸದಾಗಿ ಶುರು ಮಾಡಿದ್ದರೆ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯೇಟಿನಿನ್, ಪೊಟ್ಯಾಸಿಯಂ ನೋಡಿಸಬೇಕು. ಕ್ರಿಯೇಟಿನಿನ್ ಸ್ವಲ್ಪ ಏರೋದು ನಿರೀಕ್ಷೆ ಇರುವಂಥದ್ದೇ, ಶೇಕಡಾ 30ರವರೆಗೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕಿಡ್ನಿಯ ಒಳಗಿನ ಒತ್ತಡ ಇಳಿದದ್ದರ ಗುರುತು ಅದು. ಹೆದರಿ ನೀವೇ ಮಾತ್ರೆ ಬಿಡಬೇಡಿ, ಸೋರಿಕೆ ತಡೆಯೋದು ಅದೇ ಮಾತ್ರೆ. ಉಪ್ಪು ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಒಳಗೆ, ಹಪ್ಪಳ ಉಪ್ಪಿನಕಾಯಿ ಎಲ್ಲ ಸೇರಿ. "ಕಡಿಮೆ ಸೋಡಿಯಂ" ಉಪ್ಪಿನ ಪ್ಯಾಕೆಟ್ ತರುವ ಮೊದಲು ಕೇಳಿ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರುತ್ತಾರೆ, ಕಿಡ್ನಿ ದುರ್ಬಲ ಇರುವವರಿಗೆ ಅದು ಅಪಾಯ.

ಕೊನೆಯದಾಗಿ ಹಳೆ ರಿಪೋರ್ಟ್. ಒಂದು ಭಾನುವಾರ ಸೀರೆಗಳನ್ನೆಲ್ಲ ಎತ್ತಿಟ್ಟು ಅಮ್ಮನ ರಿಪೋರ್ಟ್ ಹೊರಗೆ ತೆಗೆದೆ. 58ನೇ ವಯಸ್ಸಿನಲ್ಲಿ ಕ್ರಿಯೇಟಿನಿನ್ 0.8. 61ರಲ್ಲಿ 0.9. 64ರಲ್ಲಿ 1.1. ಮೂರೂ ರೇಂಜಿನ ಒಳಗೆ, ಮೂರೂ ನಾರ್ಮಲ್. ಒಂದೇ ಸೂತ್ರಕ್ಕೆ ಹಾಕಿದರೆ 85, 73, 56. ವಯಸ್ಸಾದಂತೆ ವರ್ಷಕ್ಕೆ ಒಂದರ ಆಸುಪಾಸು ಇಳಿಯೋದು ಸಹಜ. ಇದು ವರ್ಷಕ್ಕೆ ಐದರ ಹತ್ತಿರ. ಡಾಕ್ಟರು ಒಂದು ಹಾಳೆಗಿಂತ ಈ ಮೂರು ನಂಬರನ್ನೇ ಜಾಸ್ತಿ ಹೊತ್ತು ನೋಡಿದರು.

ಈಗ ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಕೊನೆ ಪುಟದಲ್ಲಿ ತಾನೇ ಬರೆಯುತ್ತಾಳೆ: ತಾರೀಕು, ಕ್ರಿಯೇಟಿನಿನ್, ಇಜಿಎಫ್‌ಆರ್, ಎಸಿಆರ್, ಬಿಪಿ, ಮೂರು ತಿಂಗಳ ಶುಗರ್. ನೀವು ಬರೆಯುವಾಗ ಆ ದಿನ ಜ್ವರ ಇತ್ತಾ, ನೋವಿನ ಮಾತ್ರೆ ತಗೊಂಡಿದ್ದರಾ ಅಂತಲೂ ಪಕ್ಕದಲ್ಲಿ ಒಂದು ಗೀಟು ಹಾಕಿ. ಯೂರಿನ್ ಡಬ್ಬಿಯನ್ನ ಹಿಂದಿನ ದಿನ ಸಂಜೆಯೇ ಲ್ಯಾಬಿನಿಂದ ತಂದು ಬಚ್ಚಲಮನೆಯಲ್ಲಿ ಕಣ್ಣಿಗೆ ಕಾಣುವ ಹಾಗೆ ಇಡಿ. ನಾವು ಮೊದಲ ಸಲ ಅಡುಗೆಮನೆ ಕಟ್ಟೆ ಮೇಲೆ ಇಟ್ಟು, ಬೆಳಗ್ಗೆ ಕಾಫಿ ಆದ ಮೇಲೆ ನೆನಪಾಗಿ, ಆ ದಿನದ ಟೆಸ್ಟ್ ಮರುದಿನಕ್ಕೆ ಹೋಗಿತ್ತು.